ಸೊಂಟಕ್ಕೆ ಗನ್ ಸಿಕ್ಕಿಸಿಕೊಂಡು ಬಂದವರನ್ನು ಅಂಗಡಿಯಿಂದ ಹೊರಗೆ ಕಳಿಸಬಹುದಾ?

ಪ್ರಶ್ನೆ: ನಾವು ಟೆಕ್ಸಾಸ್‌ನಲ್ಲಿ, ಡಲ್ಲಾಸ್ ಹತ್ತಿರ ಒಂದು ಇಂಡಿಯನ್ ಗ್ರೋಸರಿ ಅಂಗಡಿ ನಡೆಸುತ್ತೇವೆ. ಹಿಂದುಗಡೆ ದೋಸೆ, ಕಾಫಿಗೆ ಒಂದು ಸಣ್ಣ ಕೌಂಟರ್ ಇದೆ. ಹೋದ ತಿಂಗಳು ಒಬ್ಬರು ಎಲ್ಲರಿಗೂ ಕಾಣುವ ಹಾಗೆ ಸೊಂಟದಲ್ಲಿ ಪಿಸ್ತೂಲು ಸಿಕ್ಕಿಸಿಕೊಂಡು ಒಳಗೆ ಬಂದರು. ನಮ್ಮ ಬಾಗಿಲಲ್ಲಿ ಗನ್ ಚಿತ್ರಕ್ಕೆ ಕೆಂಪು ಗೆರೆ ಎಳೆದ ಸ್ಟಿಕ್ಕರ್ ಇದೆ. ಕ್ಯಾಶ್ ಕೌಂಟರ್‌ನಲ್ಲಿದ್ದ ನಾದಿನಿ ಅದನ್ನು ತೋರಿಸಿದರೆ, 'ಆ ಸ್ಟಿಕ್ಕರ್‌ಗೆ ಬೆಲೆಯಿಲ್ಲ, ಇದು ನನ್ನ ಸಂವಿಧಾನದ ಹಕ್ಕು, ಬೇಕಾದರೆ ಗನ್ ನಿನ್ನ ಹತ್ತಿರವೇ ಇಟ್ಟುಕೋ' ಅಂದರಂತೆ. ಅವಳು ಎಚ್-4 ವೀಸಾದಲ್ಲಿದ್ದು (ಎಚ್-1ಬಿ ಥರದ ಕೆಲಸದ ವೀಸಾದವರ ಕುಟುಂಬಕ್ಕೆ ಕೊಡುವುದು) ಇಎಡಿ, ಅಂದರೆ ಕೆಲಸದ ಪರವಾನಗಿ ಮೇಲೆ ಕೆಲಸ ಮಾಡುತ್ತಾಳೆ. ಹೆದರಿ ಸುಮ್ಮನಾದಳು. ನಾನು ಕೊಡಗಿನವಳು, ಮನೆಯಲ್ಲಿ ಕೋವಿ ನೋಡಿಕೊಂಡೇ ಬೆಳೆದವಳು. ಆದರೂ ಅಂಗಡಿಯೊಳಗೆ ಇದು ಬೇಡ ಅನ್ನಿಸುತ್ತದೆ. ಅವರು ಹೇಳಿದ್ದು ಸರಿಯಾ? ನಾವು ಬೇಡ ಅನ್ನಬಹುದಾ? ವ್ಯಾಪಾರಕ್ಕೆ ಪೆಟ್ಟು ಬೀಳುತ್ತದಾ?

ಉತ್ತರ: ಬೇಡ ಅನ್ನಬಹುದು. ಆ ಹಕ್ಕು ನಿಮಗೆ ಪೂರ್ತಿಯಾಗಿ ಇದೆ. ಆದರೆ ಸ್ಟಿಕ್ಕರ್ ವಿಷಯದಲ್ಲಿ ಆ ಗಿರಾಕಿ ಹೇಳಿದ್ದರಲ್ಲಿ ಅರ್ಧ ಸತ್ಯ ಇದೆ. ಅದಕ್ಕೇ ಸ್ವಲ್ಪ ಉದ್ದಕ್ಕೆ ಬರೆಯುತ್ತಿದ್ದೇನೆ.

ಮೊದಲು ಆ 'ಸಂವಿಧಾನದ ಹಕ್ಕು' ಅನ್ನುವ ಮಾತು. ಅಮೆರಿಕ ಸಂವಿಧಾನದ ಎರಡನೇ ತಿದ್ದುಪಡಿ ಕಟ್ಟಿಹಾಕುವುದು ಸರ್ಕಾರವನ್ನು. ನಿಮ್ಮ ಅಂಗಡಿ ಸರ್ಕಾರ ಅಲ್ಲ. ಆಯುಧ ಇಟ್ಟುಕೊಳ್ಳುವವರ ಹಕ್ಕನ್ನು ಸರ್ಕಾರ ಕಿತ್ತುಕೊಳ್ಳಬಾರದು ಅಂತ ಅದು ಹೇಳುತ್ತದೆ, ಇನ್ನೊಬ್ಬರ ಜಾಗದೊಳಗೆ ಅವರ ಮಾತು ಮೀರಿ ತರಬಹುದು ಅಂತ ಎಲ್ಲೂ ಹೇಳುವುದಿಲ್ಲ. 2022ರ ಜೂನ್‌ನಲ್ಲಿ ಸುಪ್ರೀಂ ಕೋರ್ಟ್ ನ್ಯೂಯಾರ್ಕ್‌ನ ಬ್ರೂಯೆನ್ ಪ್ರಕರಣದಲ್ಲಿ ಮನೆಯಿಂದ ಹೊರಗೂ ಪಿಸ್ತೂಲು ಒಯ್ಯುವ ಹಕ್ಕನ್ನು ಎತ್ತಿಹಿಡಿಯಿತು. ಅದು ದೊಡ್ಡ ತೀರ್ಪು, ನಿಜ. ಆದರೂ 'ನನ್ನ ಜಾಗಕ್ಕೆ ಗನ್ ತರಬೇಡಿ' ಅನ್ನುವ ಮಾಲೀಕರ ಹಕ್ಕು ಇದ್ದ ಹಾಗೇ ಇದೆ. ಗನ್ ಪರ ಮಾತಾಡುವ ವಕೀಲರೂ ಇದನ್ನು ಒಪ್ಪುತ್ತಾರೆ, ಯಾಕೆಂದರೆ ಆಸ್ತಿಯ ಹಕ್ಕೂ ಅವರಿಗೆ ಅಷ್ಟೇ ಮುಖ್ಯ.

ಇನ್ನು ಸ್ಟಿಕ್ಕರ್. ಟೆಕ್ಸಾಸ್ ಕಾನೂನು ಈ ವಿಷಯದಲ್ಲಿ ಬೇರೆ ರಾಜ್ಯಗಳಿಗಿಂತ ಬಹಳ ಬಿಗಿ, ಅಕ್ಷರ ಅಕ್ಷರ ನೋಡುತ್ತದೆ. ಅದು ಯಾಕೆ ಹೀಗಾಯಿತು ಅಂತ ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ಕೌಬಾಯ್ ಸಿನಿಮಾ ನೋಡಿದವರಿಗೆ ಆಶ್ಚರ್ಯ ಆಗಬಹುದು, ಟೆಕ್ಸಾಸ್‌ನಲ್ಲಿ 1871ರಿಂದಲೇ ಪಿಸ್ತೂಲು ಸಿಕ್ಕಿಸಿಕೊಂಡು ಓಡಾಡುವುದಕ್ಕೆ ನಿಷೇಧ ಇತ್ತು. ರೈಫಲ್‌ಗೆ ಅಂಥ ನಿಷೇಧ ಇರಲಿಲ್ಲ. 1991ರ ಅಕ್ಟೋಬರ್‌ನಲ್ಲಿ ಕಿಲೀನ್ ಊರಿನ ಲೂಬೀಸ್ ಕೆಫೆಟೇರಿಯಾದೊಳಗೆ ಒಬ್ಬ ಗುಂಡು ಹಾರಿಸಿ 23 ಜನರನ್ನು ಕೊಂದ. ಅಲ್ಲಿ ಊಟಕ್ಕೆ ಬಂದಿದ್ದ ಸುಜಾನಾ ಗ್ರೇಷಿಯಾ ಎಂಬ ಮಹಿಳೆ ಅವತ್ತು ಅಪ್ಪ ಅಮ್ಮ ಇಬ್ಬರನ್ನೂ ಕಳೆದುಕೊಂಡರು. ಅವರ ಪಿಸ್ತೂಲು ಕಾರಿನಲ್ಲೇ ಉಳಿದಿತ್ತು, ಕಾನೂನಿಗೆ ಹೆದರಿ ಒಳಗೆ ತಂದಿರಲಿಲ್ಲ. ಆಮೇಲೆ ಅವರು ಊರೂರು ಸುತ್ತಿ ಇದನ್ನೇ ಹೇಳಿದರು, ಶಾಸಕಿಯೂ ಆದರು. 1995ರಲ್ಲಿ ಲೈಸೆನ್ಸ್ ಪಡೆದು ಬಟ್ಟೆಯೊಳಗೆ ಮುಚ್ಚಿಟ್ಟು ಪಿಸ್ತೂಲು ಒಯ್ಯಬಹುದು ಅಂತ ಕಾನೂನು ಬಂತು. ನಿಮ್ಮ ಅಂಗಡಿಗೆ ಬರುವ ಗನ್‌ಧಾರಿಗಳಲ್ಲಿ ಎಷ್ಟೋ ಜನ ಮನಸ್ಸಿನಲ್ಲಿ ಇಟ್ಟುಕೊಂಡಿರುವುದು ಈ ಕಥೆಯನ್ನೇ. ಅವರೆಲ್ಲ ನಿಮ್ಮನ್ನು ಹೆದರಿಸಲು ಬರುತ್ತಾರೆ ಅಂದುಕೊಳ್ಳಬೇಡಿ. ಇದು ಗೊತ್ತಿದ್ದರೆ ಅವರ ಜೊತೆ ಮಾತಾಡುವಾಗ ನಿಮ್ಮ ದನಿಯೇ ಬೇರೆ ಆಗುತ್ತದೆ.

2016ರ ಜನವರಿ 1ರಿಂದ ಲೈಸೆನ್ಸ್ ಇದ್ದವರು ಕಾಣುವ ಹಾಗೆಯೇ ಪಿಸ್ತೂಲು ಒಯ್ಯಬಹುದು ಅಂತಾಯಿತು. 2021ರ ಸೆಪ್ಟೆಂಬರ್ 1ರಿಂದ ಲೈಸೆನ್ಸೇ ಬೇಡ ಅಂತಾಯಿತು. ಗನ್ ಇಟ್ಟುಕೊಳ್ಳಲು ಕಾನೂನಿನ ಅಡ್ಡಿ ಇಲ್ಲದ ವಯಸ್ಕರು ಹೋಲ್‌ಸ್ಟರ್‌ನಲ್ಲಿ, ಅಂದರೆ ಪಿಸ್ತೂಲಿನ ಚೀಲದಲ್ಲಿ ಇಟ್ಟುಕೊಂಡು ಓಡಾಡಬಹುದು. ಹಾಗಂತ ಲೈಸೆನ್ಸ್ ಕೊಡುವುದು ನಿಂತಿಲ್ಲ, ಈಗಲೂ ಲಕ್ಷಾಂತರ ಜನರ ಹತ್ತಿರ ಇದೆ. ಹೀಗೆ ಒಂದೊಂದು ಕಾಲದಲ್ಲಿ ಒಂದೊಂದು ಕಾನೂನು ಬಂದಿದ್ದರಿಂದ ಬೋರ್ಡುಗಳೂ ಮೂರಾಗಿ ಕೂತಿವೆ. ಲೈಸೆನ್ಸ್ ಇದ್ದು ಪಿಸ್ತೂಲು ಮುಚ್ಚಿಟ್ಟುಕೊಂಡು ಬರುವವರನ್ನು ತಡೆಯಲು ದಂಡಸಂಹಿತೆಯ 30.06ನೇ ಸೆಕ್ಷನ್ ಬೋರ್ಡು. ಲೈಸೆನ್ಸ್ ಇದ್ದು ಕಾಣುವ ಹಾಗೆ ತರುವವರಿಗೆ 30.07. ಲೈಸೆನ್ಸ್ ಇಲ್ಲದೆ ಯಾವ ಗನ್ ತಂದರೂ, ಮತ್ತು ಯಾರೇ ರೈಫಲ್ ತಂದರೂ, 30.05.

ಮೊದಲಿನ ಎರಡು ಬೋರ್ಡುಗಳಲ್ಲಿ ಏನು ಬರೆದಿರಬೇಕು ಅಂತ ಕಾನೂನೇ ಪದಪದವಾಗಿ ಕೊಟ್ಟಿದೆ. ಒಂದು ಪದ ನಾವು ಸೇರಿಸುವ ಹಾಗಿಲ್ಲ, ಬಿಡುವ ಹಾಗಿಲ್ಲ. ಇಂಗ್ಲಿಷ್ ಮತ್ತು ಸ್ಪ್ಯಾನಿಷ್ ಎರಡರಲ್ಲೂ ಇರಬೇಕು. ಅಕ್ಷರಗಳು ಕಮ್ಮಿಯೆಂದರೆ ಒಂದು ಇಂಚು ಎತ್ತರ ಇರಬೇಕು, ಹಿನ್ನೆಲೆಯ ಬಣ್ಣಕ್ಕೆ ಎದ್ದು ಕಾಣಬೇಕು. ಪ್ರತಿ ಬಾಗಿಲಲ್ಲೂ ಹಾಕಿ, ದೋಸೆ ಕೌಂಟರ್ ಕಡೆಯ ಬಾಗಿಲು ಮರೆಯಬೇಡಿ. ಬೋರ್ಡು ದೊಡ್ಡದಾಗುತ್ತದೆ, ನೋಡಲು ಚೆನ್ನಾಗಿರುವುದಿಲ್ಲ, ಅದಕ್ಕೇ ಎಷ್ಟೋ ಜನ ಸಣ್ಣ ಸ್ಟಿಕ್ಕರ್ ಅಂಟಿಸಿ ಸುಮ್ಮನಾಗುತ್ತಾರೆ. ಆದರೆ ಲೈಸೆನ್ಸ್ ಇದ್ದವರ ಮಟ್ಟಿಗೆ ಗೆರೆ ಎಳೆದ ಗನ್ ಚಿತ್ರಕ್ಕೆ ಕಾನೂನಿನ ಬಲ ಇಲ್ಲ. ನಿಮ್ಮ ಗಿರಾಕಿಯ ಹತ್ತಿರ ಲೈಸೆನ್ಸ್ ಇದ್ದಿದ್ದರೆ ಅವರ ಮಾತು ಸರಿ. ಇರದಿದ್ದರೆ ಅಷ್ಟು ಸರಿಯಲ್ಲ, ಯಾಕೆಂದರೆ 30.05ರಲ್ಲಿ ಅದೇ ಅರ್ಥದ, ಹೆಚ್ಚುಕಮ್ಮಿ ಅದೇ ಮಾತುಗಳ ಬೋರ್ಡೂ ಸಾಕು, ಅಲ್ಲಿ ವಾದಕ್ಕೆ ಜಾಗ ಇದೆ. ಬೋರ್ಡಿನ ಪೂರ್ತಿ ಒಕ್ಕಣೆ ಟೆಕ್ಸಾಸ್‌ನ ಸಾರ್ವಜನಿಕ ಸುರಕ್ಷತಾ ಇಲಾಖೆಯ ಜಾಲತಾಣದಲ್ಲೇ ಸಿಗುತ್ತದೆ. ಬೋರ್ಡು ಬರೆಸುವಾಗ ಅದನ್ನೇ ತೋರಿಸಿ, ಬೇರೆ ಯಾರೋ ಬರೆದಿದ್ದನ್ನು ನಕಲು ಮಾಡಿಸಬೇಡಿ.

ಬಾರ್‌ಗಳಲ್ಲಿ ಕೆಂಪಗೆ '51%' ಅಂತ ಬರೆದ ಬೋರ್ಡು ನೋಡಿರುತ್ತೀರಿ. ಅಲ್ಲೇ ಕುಳಿತು ಕುಡಿಯುವ ಮದ್ಯದಿಂದ ಅರ್ಧಕ್ಕಿಂತ ಜಾಸ್ತಿ ಆದಾಯ ಬರುವ ಜಾಗಗಳಿಗೆ ಅದು. ದೋಸೆ ಕೌಂಟರ್‌ಗೆ ಅದು ಹೊಂದುವುದಿಲ್ಲ, ಸುಮ್ನೆ ತಂದು ಹಾಕಬೇಡಿ.

ಈಗ ನಾನು ಎಲ್ಲಕ್ಕಿಂತ ಮುಖ್ಯ ಅಂದುಕೊಂಡಿರುವ ವಿಷಯಕ್ಕೆ ಬರುತ್ತೇನೆ. ಬೋರ್ಡು ಸರಿಯಾಗಿದ್ದು ಅದನ್ನು ಮೀರಿ ಒಳಗೆ ಬಂದರೆ ಅದು ಸಣ್ಣ ಅಪರಾಧ, 200 ಡಾಲರ್‌ವರೆಗೆ ದಂಡ, ಅಷ್ಟೇ. ಲೈಸೆನ್ಸ್ ಇದ್ದವರು ಗೊತ್ತಿಲ್ಲದೆ ಬಂದು, ಹೇಳಿದ ಕೂಡಲೇ ಹೊರಟುಬಿಟ್ಟರೆ ಅದರಿಂದಲೂ ಪಾರಾಗುವ ದಾರಿ 2019ರಿಂದ ಇದೆ. ಆದರೆ ನೀವು ಬಾಯಿಬಿಟ್ಟು 'ಇಲ್ಲಿ ಗನ್ ತರುವ ಹಾಗಿಲ್ಲ, ದಯವಿಟ್ಟು ಹೊರಗೆ ಹೋಗಿ' ಅಂದ ಮೇಲೂ ಹೋಗದಿದ್ದರೆ ವಿಷಯವೇ ಬೇರೆ. ಆಗ ಅದು ಎ ದರ್ಜೆಯ ಅಪರಾಧ, ಒಂದು ವರ್ಷದವರೆಗೆ ಜೈಲು, 4000 ಡಾಲರ್‌ವರೆಗೆ ದಂಡ. ಬೋರ್ಡು ಇರಲಿ, ಇಲ್ಲದಿರಲಿ, ಬಾಯಿಮಾತಿನ ಸೂಚನೆಗೆ ಪೂರ್ತಿ ಬೆಲೆ ಇದೆ. ಅಂದರೆ ಅವತ್ತು ನಾದಿನಿ ಸ್ಟಿಕ್ಕರ್ ತೋರಿಸಿ ನಿಲ್ಲಿಸದೆ 'ಹೊರಗೆ ಹೋಗಿ' ಅಂತ ಸ್ಪಷ್ಟವಾಗಿ ಹೇಳಿದ್ದಿದ್ದರೆ, ಸ್ಟಿಕ್ಕರ್ ಎಂಥದ್ದು ಅನ್ನುವ ವಾದವೇ ಅಲ್ಲಿಗೆ ಮುಗಿಯುತ್ತಿತ್ತು. ಅಂಗಡಿಯ ಪರವಾಗಿ ಮಾತಾಡುವ ಅಧಿಕಾರ ಇದ್ದವರು ಯಾರೇ ಹೇಳಿದರೂ ನಡೆಯುತ್ತದೆ.

ಹಾಗಂತ ಅವಳು ಹೇಳಬೇಕಿತ್ತು ಅಂತ ನಾನು ಹೇಳುತ್ತಿಲ್ಲ. ಇಲ್ಲೇ ನನಗೆ ನಿಜವಾಗಿ ಸಂಕಟ ಆಗುವುದು. ಮಾಲೀಕರು ಬೋರ್ಡು ಹಾಕಿ ಮನೆಗೆ ಹೋಗುತ್ತಾರೆ. ಗನ್ ಇರುವವರ ಎದುರು ನಿಂತು ಆ ನಿಯಮ ಹೇಳುವ ಕೆಲಸ ಗಂಟೆಗೆ ಇಷ್ಟು ಅಂತ ದುಡಿಯುವ ಹುಡುಗ ಹುಡುಗಿಯರ ತಲೆ ಮೇಲೆ ಬೀಳುತ್ತದೆ. ಸ್ಟಾರ್‌ಬಕ್ಸ್ ಮುಖ್ಯಸ್ಥರಾಗಿದ್ದ ಹೊವರ್ಡ್ ಶುಲ್ಟ್ಸ್ 2013ರ ಸೆಪ್ಟೆಂಬರ್‌ನಲ್ಲಿ ಗಿರಾಕಿಗಳಿಗೆ ಬಹಿರಂಗ ಪತ್ರ ಬರೆದು, ಅಂಗಡಿಗೆ ಗನ್ ತರಬೇಡಿ ಅಂತ ಕೇಳಿಕೊಂಡರು. ಅದು ವಿನಂತಿ ಮಾತ್ರ, ನಿಷೇಧ ಅಲ್ಲ ಅಂತಲೂ ಬರೆದರು. ನಿಷೇಧ ಮಾಡಿದರೆ ಆಯುಧ ಹಿಡಿದ ಗಿರಾಕಿಗೆ ನಮ್ಮ ಕೆಲಸಗಾರರು ಎದುರು ನಿಲ್ಲಬೇಕಾಗುತ್ತದೆ ಅನ್ನುವುದು ಅವರು ಕೊಟ್ಟ ಕಾರಣಗಳಲ್ಲಿ ಒಂದು. ಆ ಕಾರಣ ನನಗೆ ಪೂರ್ತಿ ಒಪ್ಪಿಗೆ. ಅದಕ್ಕೆ ಬೋರ್ಡಿಗಿಂತ ಮುಂಚೆ ಒಂದು ಕಾಗದದಲ್ಲಿ ಬರೆದಿಡಿ: ಹೇಳುವವರು ಯಾರು, ಅವರಿಲ್ಲದಾಗ ಯಾರು, ಪೊಲೀಸರಿಗೆ ಫೋನ್ ಮಾಡುವವರು ಯಾರು. ಕ್ಯಾಶ್ ಕೌಂಟರ್‌ನಲ್ಲಿ ಒಬ್ಬರೇ ಇದ್ದಾಗ ಏನೂ ಹೇಳದೆ ಬಿಲ್ ಮಾಡಿ ಕಳಿಸಿಬಿಡಲಿ. ಆಮೇಲೆ ನೋಡಿಕೊಂಡರಾಯಿತು. ಒಂದು ದಿನ ನಿಯಮ ಮುರಿದರೆ ಅಂಗಡಿ ಮುಳುಗುವುದಿಲ್ಲ.

ನೀವೋ ನಿಮ್ಮ ಯಜಮಾನರೋ ಹೇಳುವಾಗ ಗಲಾಟೆಯಿಲ್ಲದೆ, ಹತ್ತಿರ ಹೋಗಿ ಮೆಲ್ಲಗೆ ಹೇಳಿ. 'ನಮ್ಮ ಅಂಗಡಿಯಲ್ಲಿ ಕಾಣುವ ಹಾಗೆ ಗನ್ ಬೇಡ ಅಂತ ನಿಯಮ ಇದೆ, ಕಾರಿನಲ್ಲಿಟ್ಟು ಬನ್ನಿ, ನಿಮ್ಮ ಸಾಮಾನು ಇಲ್ಲೇ ತೆಗೆದಿಟ್ಟಿರುತ್ತೇನೆ.' ಬಹುಪಾಲು ಜನ ಸರಿ ಅಂತ ಹೋಗುತ್ತಾರೆ. ಲೈಸೆನ್ಸ್ ಇದೆಯಾ ಅಂತ ಕೇಳಲು ಹೋಗಬೇಡಿ, ಅದು ನಿಮ್ಮ ಕೆಲಸ ಅಲ್ಲ, ಸುಮ್ನೆ ವಾದ ಬೆಳೆಯುತ್ತದೆ. ಎರಡನೇ ತಿದ್ದುಪಡಿಯ ಬಗ್ಗೆಯೂ ಚರ್ಚೆ ಬೇಡ. ಫೋನ್ ಹಿಡಿದು ವಿಡಿಯೋ ಮಾಡಿಕೊಂಡೇ ಬರುವವರೂ ಇದ್ದಾರೆ, ಅವರಿಗೆ ಬೇಕಾಗಿರುವುದು ನಿಮ್ಮ ಜಗಳ. ಒಂದು ಸಲ ಹೇಳಿ, ಹೋಗದಿದ್ದರೆ ಹಿಂದಕ್ಕೆ ಸರಿದು ಪೊಲೀಸರಿಗೆ ಫೋನ್ ಮಾಡಿ. ಕೈ ಗನ್ ಮೇಲೆ ಹೋದರೆ, ಚೀಲದಿಂದ ಹೊರಗೆ ತೆಗೆದರೆ, ಬಾಯಲ್ಲಿ ಹೆದರಿಸಿದರೆ, ಅಥವಾ ಕುಡಿದಿದ್ದಾರೆ ಅಂತ ಗೊತ್ತಾದರೆ ಇದ್ಯಾವುದೂ ಬೇಡ, ನೇರ ತುರ್ತು ಸಂಖ್ಯೆ 911ಕ್ಕೆ ಫೋನ್ ಮಾಡಿ. ಕುಡಿದು ಗನ್ ಒಯ್ಯುವುದು ಟೆಕ್ಸಾಸ್‌ನಲ್ಲೂ ಅಪರಾಧ.

ಫೋನ್‌ನಲ್ಲಿ ಏನು ಹೇಳುತ್ತೀರಿ ಅನ್ನುವುದಕ್ಕೆ ಒಂದು ಜೀವದ ಬೆಲೆ ಇರಬಹುದು. 2014ರ ಆಗಸ್ಟ್‌ನಲ್ಲಿ ಒಹಾಯೋದ ಬೀವರ್‌ಕ್ರೀಕ್ ವಾಲ್‌ಮಾರ್ಟ್‌ನಲ್ಲಿ 22 ವರ್ಷದ ಕಪ್ಪು ಯುವಕನೊಬ್ಬ ಅಲ್ಲೇ ಮಾರಾಟಕ್ಕಿಟ್ಟಿದ್ದ ಏರ್ ರೈಫಲ್ ಎತ್ತಿಕೊಂಡು ಫೋನ್‌ನಲ್ಲಿ ಮಾತಾಡುತ್ತಾ ಓಡಾಡುತ್ತಿದ್ದ. ಅವನು ಜನರ ಕಡೆ ಗುರಿ ಹಿಡಿಯುತ್ತಿದ್ದಾನೆ ಅಂತ ಒಬ್ಬ ಗಿರಾಕಿ 911ಕ್ಕೆ ಹೇಳಿದ. ಬಂದ ಪೊಲೀಸರು ಗುಂಡು ಹಾರಿಸಿ ಕೊಂದರು. ಒಹಾಯೋ ನಿಜವಾದ ಗನ್ನನ್ನೇ ಕಾಣುವ ಹಾಗೆ ಒಯ್ಯಲು ಬಿಡುವ ರಾಜ್ಯ, ಇವನ ಕೈಯಲ್ಲಿದ್ದದ್ದು ಅಂಗಡಿಯ ಸಾಮಾನು. ಅದಕ್ಕೆ ಕಂಡಿದ್ದನ್ನಷ್ಟೇ ಹೇಳಿ: 'ಒಬ್ಬರು ಹೋಲ್‌ಸ್ಟರ್‌ನಲ್ಲಿ ಪಿಸ್ತೂಲು ಇಟ್ಟುಕೊಂಡು ಅಂಗಡಿಯೊಳಗಿದ್ದಾರೆ, ಹೊರಗೆ ಹೋಗಿ ಅಂದರೂ ಹೋಗುತ್ತಿಲ್ಲ, ಯಾರಿಗೂ ಬೆದರಿಕೆ ಹಾಕಿಲ್ಲ.' ಬೇಗ ಬರಲಿ ಅಂತ ಒಂದಕ್ಕೆರಡು ಸೇರಿಸಬೇಡಿ.

ಇದೇ ಕಾರಣಕ್ಕೆ ನಿಯಮ ಎಲ್ಲರಿಗೂ ಒಂದೇ ಇರಬೇಕು. ಗನ್ ಒಯ್ಯುವವರು ಅನ್ನುವ ಕಾರಣಕ್ಕೆ ಬೇಡ ಅನ್ನಬಹುದು, ಆದರೆ ಪರಿಚಯದ ಬಿಳಿಯ ಗಿರಾಕಿಗೆ ಸುಮ್ಮನಿದ್ದು ಕಪ್ಪು ಗಿರಾಕಿಗೆ ಮಾತ್ರ ಬೋರ್ಡು ತೋರಿಸಿದರೆ ಅದು ಜನಾಂಗ ಭೇದ, ಅಲ್ಲಿ ನೀವೇ ತಪ್ಪಿತಸ್ಥರು. ಒಂದು ವಿನಾಯಿತಿ ಇದೆ, ಪೊಲೀಸರು. ಟೆಕ್ಸಾಸ್‌ನಲ್ಲಿ ಸಾರ್ವಜನಿಕರು ಬರುವ ಅಂಗಡಿಗಳು ಪೊಲೀಸರ ಗನ್‌ಗೆ ಬೇಡ ಅನ್ನುವ ಹಾಗಿಲ್ಲ. ಎಷ್ಟೋ ಸಲ ಅವರು ಮಫ್ತಿಯಲ್ಲಿ ಬರುತ್ತಾರೆ, ಬೆಲ್ಟಿನಲ್ಲಿ ಬ್ಯಾಡ್ಜ್ ಇದೆಯಾ ಅಂತ ಮೊದಲು ನೋಡಿ.

ವ್ಯಾಪಾರದ ಬಗ್ಗೆ ಕೇಳಿದ್ದೀರಿ. ನೀವು ಒಬ್ಬರೇ ಅಲ್ಲ. ವಾಟಬರ್ಗರ್ ಟೆಕ್ಸಾಸ್‌ನಲ್ಲೇ ಹುಟ್ಟಿದ ಬರ್ಗರ್ ಕಂಪನಿ, ಅವರು 2015ರಲ್ಲೇ ಕಾಣುವ ಹಾಗೆ ಗನ್ ತರುವುದು ಬೇಡ ಅಂದರು, ಲೈಸೆನ್ಸ್ ಇದ್ದು ಮುಚ್ಚಿಟ್ಟುಕೊಂಡವರಿಗೆ ಅಡ್ಡಿಯಿಲ್ಲ ಅಂದರು. ಅಲ್ಲಿನ ದೊಡ್ಡ ಗ್ರೋಸರಿ ಕಂಪನಿ ಎಚ್‌ಇಬಿಯೂ ಅದೇ ದಾರಿ ಹಿಡಿಯಿತು. 2019ರ ಆಗಸ್ಟ್ 3ರಂದು ಟೆಕ್ಸಾಸ್‌ನ ಎಲ್ ಪಾಸೊ ವಾಲ್‌ಮಾರ್ಟ್‌ನಲ್ಲಿ ಒಬ್ಬ ಗುಂಡು ಹಾರಿಸಿದ್ದಕ್ಕೆ 23 ಜನರ ಜೀವ ಹೋಯಿತು. ಅದಾಗಿ ಐದೇ ದಿನಕ್ಕೆ ಮಿಸೌರಿಯ ಸ್ಪ್ರಿಂಗ್‌ಫೀಲ್ಡ್ ವಾಲ್‌ಮಾರ್ಟ್‌ಗೆ ಒಬ್ಬ ಯುವಕ ಗುಂಡು ನಿರೋಧಕ ಕವಚ ತೊಟ್ಟು ರೈಫಲ್ ಹಿಡಿದು ಬಂದ, ತನ್ನ ಹಕ್ಕನ್ನು ವಾಲ್‌ಮಾರ್ಟ್ ಗೌರವಿಸುತ್ತದಾ ಅಂತ ಪರೀಕ್ಷೆ ಮಾಡಲು ಬಂದೆ ಅಂದ. ಜನ ಜೀವ ಕೈಯಲ್ಲಿ ಹಿಡಿದು ಹೊರಗೆ ಓಡಿದರು. ಸೆಪ್ಟೆಂಬರ್ 3ಕ್ಕೆ ವಾಲ್‌ಮಾರ್ಟ್ ಕಾಣುವ ಹಾಗೆ ಗನ್ ತರಬೇಡಿ ಅಂತ ಕೇಳಿಕೊಂಡಿತು, ಕ್ರೋಗರ್, ವಾಲ್‌ಗ್ರೀನ್ಸ್, ಸಿವಿಎಸ್ ಥರದ ದೊಡ್ಡ ಅಂಗಡಿ ಕಂಪನಿಗಳೆಲ್ಲ ಹಿಂದೆಯೇ ಬಂದವು. ಇವರ್ಯಾರೂ ಟೆಕ್ಸಾಸ್ ಬಿಟ್ಟು ಹೋಗಿಲ್ಲ, ಜನ ಇವತ್ತಿಗೂ ಅಲ್ಲೇ ಸಾಮಾನು ತರುತ್ತಾರೆ. ನಿಮ್ಮ ಅಂಗಡಿಗೆ ಬರುವವರು ಮಕ್ಕಳನ್ನು ಕರೆದುಕೊಂಡು, ಊರಿಂದ ಬಂದ ಅಪ್ಪ ಅಮ್ಮನನ್ನು ಕರೆದುಕೊಂಡು ಬರುವ ಜನ. ಅವರ ಮುಖ ನೋಡಿ ನಿರ್ಧಾರ ಮಾಡಿ.

ಬೋರ್ಡಿಗೆ ಆಗದ ಕೆಲಸವನ್ನೂ ಹೇಳಬೇಕು. ಕೊಲ್ಲಲು ಬರುವವನು ಬೋರ್ಡು ಓದಿ ವಾಪಸ್ ಹೋಗುವುದಿಲ್ಲ. ಗನ್ ಪರದವರು ಈ ಮಾತು ಹೇಳಿದಾಗ ನಾನು ವಾದ ಮಾಡುವುದಿಲ್ಲ, ಅದು ಸರಿ. ಬೋರ್ಡಿನ ಕೆಲಸ ಅದಲ್ಲ. ಒಳಗೆ ಬಂದ ಮನುಷ್ಯ ಯಾರು, ಅವನ ತಲೆಯಲ್ಲಿ ಏನಿದೆ ಅಂತ ಕ್ಯಾಶ್‌ನಲ್ಲಿರುವ ಹುಡುಗಿಗೆ ಗೊತ್ತಾಗುವುದಿಲ್ಲ. ಎಲ್ ಪಾಸೊ ಆದ ಮೇಲಂತೂ ಯಾರಿಗೂ ಗೊತ್ತಾಗುವುದಿಲ್ಲ. ಆ ಲೆಕ್ಕಾಚಾರವನ್ನು ಅವಳು ದಿನಕ್ಕೆ ಹತ್ತು ಸಲ ಮಾಡದೆ ಕೆಲಸ ಮಾಡುವಂತಿರಬೇಕು, ನನಗೆ ಅಷ್ಟೇ ಸಾಕಾದ ಕಾರಣ. ನೀವು ಕೈಲ್ ಮುಹೂರ್ತದ ಹಬ್ಬಕ್ಕೆ ಕೋವಿಗೆ ತೋಕ್ ಪೂ, ಅಂದರೆ ಕೋವಿ ಹೂ ಸಿಕ್ಕಿಸಿ ಪೂಜೆ ಮಾಡುವ ನಾಡಿನಿಂದ ಬಂದವರು. ಕೋವಿಗೆ ಮನೆಯಲ್ಲಿ ಒಂದು ಜಾಗ, ಹಿರಿಯರ ಕಣ್ಣು, ಒಂದು ಮರ್ಯಾದೆ ಇರುವುದನ್ನು ಕಂಡವರು. ಅಂಥವರಿಗೆ ಅಕ್ಕಿ ಬೇಳೆ ಸಾಲಿನಲ್ಲಿ ಅಪರಿಚಿತರ ಗನ್ ಬೇಡ ಅನ್ನಿಸುವುದರಲ್ಲಿ ಯಾವ ವಿರೋಧವೂ ನನಗೆ ಕಾಣುವುದಿಲ್ಲ.

ನನ್ನ ಸಲಹೆ ಕೇಳಿದರೆ 30.07 ಮತ್ತು 30.05 ಎರಡನ್ನೂ ಹಾಕಿ. 30.06 ನಿಮ್ಮಿಷ್ಟ. ಲೈಸೆನ್ಸ್ ಪಡೆದವರು ತರಬೇತಿ ಮುಗಿಸಿ, ಹಿನ್ನೆಲೆ ತಪಾಸಣೆ ಆಗಿ ಬಂದವರು, ಮುಚ್ಚಿಟ್ಟಿದ್ದು ನಿಮಗೆ ಕಾಣುವುದೂ ಇಲ್ಲ, ಹಾಗಾಗಿ ನಾನಾದರೆ ಬಿಡುತ್ತೇನೆ. ಬೋರ್ಡು ಬರೆಸುವ ಮುಂಚೆ ನಿಮ್ಮ ಲೀಸ್ ಪತ್ರ ಒಮ್ಮೆ ಓದಿ. ಸಾಲು ಮಳಿಗೆಯಲ್ಲಿದ್ದರೆ ಪಾರ್ಕಿಂಗ್ ಜಾಗ ಸಾಮಾನ್ಯವಾಗಿ ಕಟ್ಟಡದ ಮಾಲೀಕರ ಕೈಯಲ್ಲಿರುತ್ತದೆ, ಅಲ್ಲಿ ನಿಮ್ಮ ನಿಯಮ ನಡೆಯುವುದಿಲ್ಲ. ಬಾಗಿಲಿಗೆ ಬೋರ್ಡು ಹಾಕಲೂ ಕೆಲವರು ಒಪ್ಪಿಗೆ ಕೇಳುತ್ತಾರೆ. ಕೆಲಸಗಾರರು ಅಂಗಡಿಯೊಳಗೆ ಗನ್ ತರಬಾರದು ಅನ್ನಬಹುದು, ಆದರೆ ಕಾನೂನು ಪ್ರಕಾರ ಗನ್ ಇಟ್ಟುಕೊಂಡಿರುವ ಕೆಲಸಗಾರರು ಅದನ್ನು ಬೀಗ ಹಾಕಿದ ಸ್ವಂತ ಕಾರಿನಲ್ಲಿ ಇಟ್ಟುಕೊಳ್ಳುವುದಕ್ಕೆ 2011ರಿಂದ ನೀವು ಅಡ್ಡಿ ಮಾಡುವಂತಿಲ್ಲ.

ಇದನ್ನು ಓದುವ ಬೇರೆ ರಾಜ್ಯದವರಿಗೆ ಒಂದು ಮಾತು. ಮೇಲೆ ಹೇಳಿದ್ದೆಲ್ಲ ಟೆಕ್ಸಾಸ್‌ಗೆ ಮಾತ್ರ. ಎಷ್ಟೋ ರಾಜ್ಯಗಳಲ್ಲಿ ಬೋರ್ಡಿಗೆ ತನ್ನಷ್ಟಕ್ಕೆ ಬಲವೇ ಇಲ್ಲ, ಹೋಗಿ ಅಂದ ಮೇಲೂ ಹೋಗದಿದ್ದರೆ ಮಾತ್ರ ಅತಿಕ್ರಮ ಪ್ರವೇಶ. ಇಲಿನಾಯ್‌ನಲ್ಲಿ ಕಾಣುವ ಹಾಗೆ ಒಯ್ಯುವುದೇ ನಿಷೇಧ. ಫ್ಲೋರಿಡಾದಲ್ಲೂ ಇತ್ತು, 2025ರ ಸೆಪ್ಟೆಂಬರ್‌ನಲ್ಲಿ ಅಲ್ಲಿನ ಮೇಲ್ಮನವಿ ನ್ಯಾಯಾಲಯ ಆ ನಿಷೇಧವನ್ನು ಹೊಡೆದುಹಾಕಿತು, ಹಾಗಾಗಿ ಅಲ್ಲಿ ಅಂಗಡಿ ಇಟ್ಟಿರುವವರು ಈಗ ಇದನ್ನೆಲ್ಲ ಯೋಚಿಸಲೇಬೇಕು.

ಕೊನೆಯದಾಗಿ ನಾದಿನಿ ವಿಷಯ. ಇದನ್ನು ಅವಳಿಗೆ ಇವತ್ತೇ ಹೇಳಿ. 'ಗನ್ ನಿನ್ನ ಹತ್ತಿರವೇ ಇಟ್ಟುಕೋ' ಅಂದರಲ್ಲ, ಅವಳು ಹೂಂ ಅಂದಿದ್ದರೆ ದೊಡ್ಡ ಅನಾಹುತ ಆಗಬಹುದಿತ್ತು. ಎಚ್-1ಬಿ, ಎಚ್-4, ಎಫ್-1 ಥರದ ವೀಸಾದಲ್ಲಿರುವವರು ಗನ್ ಅಥವಾ ಗುಂಡು ಇಟ್ಟುಕೊಳ್ಳುವುದು ಕೇಂದ್ರ ಕಾನೂನಿನ ಪ್ರಕಾರ ಅಪರಾಧ. ಬೇಟೆ ಲೈಸೆನ್ಸ್ ಇದ್ದವರಿಗೆ ಮತ್ತೆ ಇನ್ನು ಕೆಲವರಿಗೆ ವಿನಾಯಿತಿ ಇದೆ, ಅಂಗಡಿ ಕೆಲಸಕ್ಕೆ ಅದ್ಯಾವುದೂ ಬರುವುದಿಲ್ಲ. ಸ್ವಂತದ್ದೇ ಆಗಿರಬೇಕು ಅಂತಿಲ್ಲ, ಡ್ರಾಯರ್‌ನಲ್ಲಿ ಹತ್ತು ನಿಮಿಷ ಇಟ್ಟುಕೊಂಡಿದ್ದರೂ ಪ್ರಶ್ನೆ ಏಳುತ್ತದೆ, ಆಮೇಲೆ ವೀಸಾ, ಗ್ರೀನ್ ಕಾರ್ಡ್ ಎಲ್ಲದಕ್ಕೂ ಕುತ್ತು. ಗ್ರೀನ್ ಕಾರ್ಡ್ ಇದ್ದವರಿಗೆ ಈ ತಡೆ ಇಲ್ಲ, ಆದರೂ ಗಿರಾಕಿಗಳ ಗನ್ ಇಟ್ಟುಕೊಳ್ಳುವ ಅಭ್ಯಾಸ ಅಂಗಡಿಯಲ್ಲಿ ಯಾರಿಗೂ ಬೇಡ. ಯಾರಾದರೂ ಬೆಂಚಿನ ಮೇಲೆ, ಬಾತ್‌ರೂಮಿನಲ್ಲಿ ಮರೆತು ಹೋದರೂ ಅವಳು ಮುಟ್ಟಬಾರದು. ಬಾಗಿಲು ಹಾಕಿ, ಬೇರೆಯವರು ಒಳಗೆ ಹೋಗದ ಹಾಗೆ ನೋಡಿಕೊಂಡು, ನಿಮಗೆ ಮತ್ತೆ ಪೊಲೀಸರಿಗೆ ಫೋನ್ ಮಾಡಲಿ.